ಅನಿಮೆ ಸಂಗೀತ ವಿಡಿಯೊ: ಪ್ರಥಮ ಕೃತಿಯ ರಚನೆ

ಜಪಾನಿನ ಅನಿಮೇಷನ್ ಚಿತ್ರಗಳಿಂದಲೂ ಧಾರಾವಾಹಿಗಳಿಂದಲೂ ಆಯ್ದ ದೃಶ್ಯಖಂಡಗಳನ್ನು, ಅವುಗಳ ಮೂಲಧ್ವನಿಯನ್ನು ತೆಗೆದುಹಾಕಿ, ಬೇರೆಡೆಯಿಂದ ತಂದ ಗೀತೆಯೊಂದರ ಲಯಕ್ಕೂ ಭಾವಕ್ಕೂ ಹೊಂದುವಂತೆ ಮರುಜೋಡಿಸಿ, ಅಭಿಮಾನಿಗಳು ಹಣದ ಪ್ರತಿಫಲವನ್ನು ಬಯಸದೆ ರಚಿಸುವ ಕಿರುಚಿತ್ರವೇ ಅನಿಮೆ ಸಂಗೀತ ವಿಡಿಯೊ. ಬಲ್ಲವರ ನಡುವೆ ಎಎಂವಿ ಎಂಬ ಹ್ರಸ್ವನಾಮವೇ ರೂಢವಾಗಿದೆ. ಇಲ್ಲಿ ಚಿತ್ರವನ್ನು ಬರೆದವರು ಬೇರೆ, ಹಾಡಿದವರು ಬೇರೆ. ಸಂಕಲನಕಾರನದೆಂದು ಹೇಳಬಹುದಾದದ್ದು ಯಾವ ಚಿತ್ರವನ್ನು, ಗೀತೆಯ ಯಾವ ಕ್ಷಣದಲ್ಲಿ, ಯಾವ ಚಿತ್ರದ ಪಕ್ಕದಲ್ಲಿ ಇರಿಸಬೇಕೆಂಬ ನಿರ್ಣಯವೊಂದೇ. ಆ ನಿರ್ಣಯವು ಅಲ್ಪವೆಂದು ಮೇಲುನೋಟಕ್ಕೆ ತೋರಿದರೂ ಈ ಪ್ರಕಾರದ ಗುಣದೋಷಗಳೆಲ್ಲವೂ ಅದರಲ್ಲಿಯೇ ಅಡಗಿರುವುದರಿಂದ, ಮೊದಲ ಬಾರಿಗೆ ಇಂಥ ಕೃತಿಯನ್ನು ಕೈಗೆತ್ತಿಕೊಳ್ಳುವವರು ತಂತ್ರಕ್ಕಿಂತ ಮುಂಚೆ ಆಯ್ಕೆಯ ವಿವೇಕವನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ಅಭಿಮಾನಿಗಳ ಇಂಥ ರಚನೆಗಳ ಮೂಲವನ್ನು ಅರಸುವವರು ಸಾಮಾನ್ಯವಾಗಿ 1975ರವರೆಗೆ ಹಿಂದೆ ಹೋಗುತ್ತಾರೆ. ಅಮೆರಿಕದ ಕ್ಯಾಂಡಿ ಫಾಂಗ್ ಎಂಬವರು ಆಗ 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಲೈಡುಗಳನ್ನು ಹಾಡೊಂದಕ್ಕೆ ಹೊಂದುವಂತೆ ಪ್ರೊಜೆಕ್ಟರಿನಿಂದ ತೆರೆಯ ಮೇಲೆ ಮೂಡಿಸಿ ಅಭಿಮಾನಿಗಳ ಕೂಟದಲ್ಲಿ ತೋರಿಸಿದರು. ಅನಿಮೆಗೆ ಸಂಬಂಧಿಸಿದಂತೆ ಮೊದಲಿಗರೆಂಬ ಮನ್ನಣೆ ಸಲ್ಲುವುದು ಅಮೆರಿಕದವರೇ ಆದ ಜಿಮ್ ಕಪೋಸ್ಟಾಸ್ ಅವರಿಗೆ. 1982ರಲ್ಲಿ, ಇಪ್ಪತ್ತೊಂದರ ವಯಸ್ಸಿನ ಈ ತರುಣ, ಎರಡು ವಿಡಿಯೊ ಕ್ಯಾಸೆಟ್ ರೆಕಾರ್ಡರ್‌ಗಳನ್ನು (ವಿಸಿಆರ್) ಒಂದಕ್ಕೊಂದು ಜೋಡಿಸಿ, 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ' ಧಾರಾವಾಹಿಯ ಅಮೆರಿಕನ್ ಆವೃತ್ತಿಯಾದ 'ಸ್ಟಾರ್ ಬ್ಲೇಜರ್ಸ್'ನ ಅತ್ಯಂತ ಉಗ್ರವಾದ ಯುದ್ಧದೃಶ್ಯಗಳನ್ನು ಪ್ರೀತಿಯ ಮಹಿಮೆಯನ್ನು ಸಾರುವ ಬೀಟಲ್ಸ್ ತಂಡದ 'ಆಲ್ ಯು ನೀಡ್ ಈಸ್ ಲವ್' ಗೀತೆಗೆ ಹೊಂದಿಸಿದರು. ಸ್ಫೋಟಿಸುವ ನೌಕೆಗಳೊಡನೆ ಪ್ರೇಮದ ಪಲ್ಲವಿ ಸೇರಿದಾಗ ನಗೆ ಹುಟ್ಟಿತು. ಚಿತ್ರ, ಗೀತೆಗಳು ಪ್ರತ್ಯೇಕವಾಗಿ ಹೇಳದ ಮಾತೊಂದನ್ನು ಅವುಗಳ ಸಂಯೋಗ ಹೇಳಬಲ್ಲದೆಂಬ ತತ್ತ್ವವು ಈ ಪ್ರಕಾರದ ಮೊದಲ ಕೃತಿಯಲ್ಲಿಯೇ ಸಿದ್ಧವಾಗಿತ್ತೆಂಬುದು ಗಮನಾರ್ಹ.

ವಿಸಿಆರ್ ಕಾಲದ ಶ್ರಮವು ಇಂದಿನವರ ಊಹೆಗೆ ಸುಲಭವಾಗಿ ನಿಲುಕತಕ್ಕದ್ದಲ್ಲ. ಒಂದು ಯಂತ್ರದಲ್ಲಿ ಮೂಲ ಟೇಪು ಓಡುತ್ತಿರುವಾಗ ಇನ್ನೊಂದನ್ನು ರೆಕಾರ್ಡಿಂಗ್ ಸ್ಥಿತಿಯಲ್ಲಿ ತಡೆಹಿಡಿದು, ಬೇಕಾದ ದೃಶ್ಯ ಬಂದ ಕ್ಷಣದಲ್ಲಿ ಗುಂಡಿಯನ್ನು ಬಿಡಬೇಕು. ಆದರೆ ತಡೆದು ನಿಲ್ಲಿಸಿದ ಯಂತ್ರವು ಟೇಪನ್ನು ತುಸು ಹಿಂದಕ್ಕೆ ಸುತ್ತಿಕೊಂಡು ಅನಂತರ ಮುಂದುವರಿಯುತ್ತಿದ್ದುದರಿಂದ, ಆ ಹಿನ್ನಡೆಯ ಅಳತೆಯನ್ನು ಅನುಭವದಿಂದಲೇ ಅರಿತು, ಬೆರಳನ್ನು ಅಷ್ಟೇ ಮುಂಚಿತವಾಗಿ ಆಡಿಸಬೇಕಾಗಿತ್ತು. ತಪ್ಪಿದರೆ ಆ ದೃಶ್ಯವನ್ನು ಮೊದಲಿನಿಂದ ದಾಖಲಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ನಡುವೆ ಎರಡು ಸೆಕೆಂಡಿನ ದೃಶ್ಯವೊಂದನ್ನು ಸೇರಿಸಬೇಕೆಂದರೆ ಅದರ ಮುಂದಿನದೆಲ್ಲವನ್ನೂ ಮತ್ತೆ ಕಟ್ಟಬೇಕು. ಪ್ರತಿ ನಕಲಿಗೂ ಬಣ್ಣ ಮಾಸುತ್ತಿತ್ತು, ಗೆರೆ ಕದಡುತ್ತಿತ್ತು. ಇಷ್ಟಾದರೂ ತಾಳಕ್ಕೆ ತಪ್ಪದ ಕೃತಿಗಳನ್ನು ಆ ಕಾಲದವರು ರಚಿಸಿದರು. ಯಂತ್ರವು ಎರಡನೆಯ ಯೋಚನೆಗೆ ಅವಕಾಶ ಕೊಡದಿದ್ದುದರಿಂದ, ಮೊದಲ ಗುಂಡಿಯನ್ನು ಒತ್ತುವ ಮುನ್ನವೇ ಇಡೀ ಕೃತಿಯನ್ನು ಮನಸ್ಸಿನಲ್ಲಿ ಕಂಡುಕೊಳ್ಳುವ ಶಿಸ್ತು ಅವರಿಗೆ ಅನಿವಾರ್ಯವಾಗಿತ್ತು. ಇಂದಿನ ಅಭ್ಯಾಸಿಯು ಅವರಿಂದ ಕಲಿಯತಕ್ಕ ಮೊದಲ ಪಾಠ ಇದೇ.

ಜಪಾನಿನಲ್ಲಿ 1983ರ ವಿಜ್ಞಾನಕಥಾ ಸಮ್ಮೇಳನಕ್ಕಾಗಿ ಒಸಾಕಾದ ಹವ್ಯಾಸಿ ತರುಣರ ತಂಡವೊಂದು ರಚಿಸಿದ ಡೈಕಾನ್ 4 ಪ್ರಾರಂಭಚಿತ್ರವು, ದೃಶ್ಯಗಳನ್ನು ಎರವಲು ಪಡೆಯದೆ ಸ್ವತಃ ಬರೆದದ್ದಾದುದರಿಂದ, ಈ ಪ್ರಕಾರಕ್ಕೆ ನೇರವಾಗಿ ಸೇರುವುದಿಲ್ಲ. ಆದರೂ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾದ 'ಟ್ವೈಲೈಟ್' ಗೀತೆಗೆ ಚಲನೆಯನ್ನು ಹೊಂದಿಸಿದ ಅದರ ಉತ್ಸಾಹವನ್ನು ಇಂದಿಗೂ ಮಾದರಿಯಾಗಿ ನೆನೆಯುವವರುಂಟು. ಆ ತಂಡದವರೇ ಮುಂದೆ ಗೈನಾಕ್ಸ್ ಸಂಸ್ಥೆಯನ್ನು ಕಟ್ಟಿ 1995ರಲ್ಲಿ 'ಇವಾಂಗೆಲಿಯನ್' ಧಾರಾವಾಹಿಯನ್ನು ನಿರ್ಮಿಸಿದರು. 1990ರ ದಶಕದಲ್ಲಿ ಓಟಾಕಾನ್, ಅನಿಮೆ ವೀಕೆಂಡ್ ಅಟ್ಲಾಂಟಾ ಮೊದಲಾದ ಅಮೆರಿಕದ ಸಮ್ಮೇಳನಗಳಲ್ಲಿ ಎಎಂವಿ ಸ್ಪರ್ಧೆಗಳು ನೆಲೆಗೊಂಡವು. ದಶಕದ ಕೊನೆಗೆ ಕಂಪ್ಯೂಟರ್ ಸಂಕಲನವು ಮನೆಗಳನ್ನು ಮುಟ್ಟಿತು. 'ಇವಾಂಗೆಲಿಯನ್' ದೃಶ್ಯಗಳನ್ನು ರಾಮ್‌ಸ್ಟೈನ್ ತಂಡದ ಗೀತೆಗೆ ಹೊಂದಿಸಿದ ಕೆವಿನ್ ಕಾಲ್ಡ್‌ವೆಲ್ ಅವರ 'ಎಂಗೆಲ್' ಕೃತಿಯು ಲಯದ ನಿಖರತೆಗೆ ಹೆಸರಾಯಿತು. 2000ದಲ್ಲಿ ಅನಿಮೆಮ್ಯೂಸಿಕ್‌ವಿಡಿಯೋಸ್ ಡಾಟ್ ಆರ್ಗ್ ಎಂಬ ಸಂಗ್ರಹಾಲಯವೂ, 2005ರಲ್ಲಿ ಯೂಟ್ಯೂಬೂ ಸ್ಥಾಪಿತವಾದ ಮೇಲೆ ಈ ಕಲೆಗೆ ದೇಶದ ಎಲ್ಲೆ ಉಳಿಯಲಿಲ್ಲ. ಕನ್ನಡ ಚಿತ್ರಗೀತೆಗಳಿಗೆ ಅನಿಮೆ ದೃಶ್ಯಗಳನ್ನು ಹೊಂದಿಸುವ ತರುಣರೂ ಈಗ ಇದ್ದಾರೆ.

ಪ್ರಥಮ ಕೃತಿಗೆ ಗೀತೆಯನ್ನು ಮೊದಲು ಆರಿಸಬೇಕೆ, ಅನಿಮೆಯನ್ನು ಮೊದಲು ಆರಿಸಬೇಕೆ ಎಂಬ ಪ್ರಶ್ನೆಗೆ ಅನುಭವಿಗಳಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಎರಡರಲ್ಲಿ ಒಂದನ್ನಾದರೂ ಕಂಠಪಾಠವೆಂಬಷ್ಟು ಆಳವಾಗಿ ಬಲ್ಲವರಾಗಿರಬೇಕೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಉದಾಹರಣೆಗಾಗಿ 1998ರಲ್ಲಿ ಪ್ರಸಾರ ಆರಂಭವಾದ, ಸನ್‌ರೈಸ್ ಸಂಸ್ಥೆ ನಿರ್ಮಿಸಿ ಶಿನಿಚಿರೊ ವತನಬೆ ನಿರ್ದೇಶಿಸಿದ 'ಕೌಬಾಯ್ ಬೀಬಾಪ್' ಧಾರಾವಾಹಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ 26 ಕಂತುಗಳಿವೆ. ಕಂತೊಂದಕ್ಕೆ ಸುಮಾರು 24 ನಿಮಿಷವೆಂದರೆ ಒಟ್ಟು ಹತ್ತು ಗಂಟೆಗೂ ಮೀರಿದ ದೃಶ್ಯರಾಶಿ. ಒಂದೂವರೆ ನಿಮಿಷದ ಕೃತಿಯಲ್ಲಿ ದೃಶ್ಯವೊಂದು ಸರಾಸರಿ ಎರಡು ಸೆಕೆಂಡು ನಿಲ್ಲುವುದಾದರೆ ಬೇಕಾಗುವುದು 45 ತುಣುಕುಗಳು ಮಾತ್ರ. ಹತ್ತು ಗಂಟೆಗಳಿಂದ ನಲವತ್ತೈದು ತುಣುಕುಗಳಿಗೆ ಇಳಿಯುವ ಈ ಹಾದಿಯಲ್ಲಿ ಬಿಡುವುದೇ ಹೆಚ್ಚು, ಉಳಿಸಿಕೊಳ್ಳುವುದು ಕಡಿಮೆ. ತಾನು ಮೆಚ್ಚಿದ ದೃಶ್ಯಗಳನ್ನೆಲ್ಲ ತುಂಬಬೇಕೆಂಬ ಆಸೆಯಿಂದ ಆರಂಭಿಸಿದವರ ಕೃತಿಯು ಧಾರಾವಾಹಿಯ ಸಾರಾಂಶವಾಗುತ್ತದೆಯೇ ಹೊರತು ತನ್ನದೇ ಮಾತನ್ನು ಹೇಳುವುದಿಲ್ಲ. ಅದರ ಬದಲು, ಒಂದೇ ಪಾತ್ರದ ಒಂದೇ ಅವಸ್ಥೆಯನ್ನು, ಎಂದರೆ ಸ್ಪೈಕ್ ಎಂಬ ನಾಯಕನಿಗೆ ತನ್ನ ಭೂತಕಾಲದೊಡನೆ ಇರುವ ನಂಟನ್ನೋ, ಫೇ ವ್ಯಾಲೆಂಟೈನ್ ತನ್ನ ಮರೆತ ಬಾಲ್ಯವನ್ನು ಹುಡುಕುವುದನ್ನೋ ಆಧಾರವಾಗಿಟ್ಟುಕೊಂಡರೆ, ಯಾವ ದೃಶ್ಯ ಬೇಕು ಯಾವುದು ಬೇಡ ಎಂಬ ನಿರ್ಣಯ ತಾನಾಗಿಯೇ ಸುಗಮವಾಗುತ್ತದೆ.

ಗೀತೆಯ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಆದಿಯಿಂದ ಅಂತ್ಯದವರೆಗೆ ಒಂದೇ ವೇಗದಲ್ಲಿ, ಒಂದೇ ಗಟ್ಟಿದನಿಯಲ್ಲಿ ಸಾಗುವ ಗೀತೆಯು ಕೇಳಲು ಎಷ್ಟೇ ಉದ್ರೇಕಕರವಾಗಿದ್ದರೂ ಸಂಕಲನಕಾರನಿಗೆ ಏರಿಳಿತದ ಆಸರೆಯನ್ನು ಕೊಡುವುದಿಲ್ಲ. ಮೆಲ್ಲನೆ ತೊಡಗಿ, ಪಲ್ಲವಿಯಲ್ಲಿ ಏರಿ, ನಡುವೆ ವಾದ್ಯಗಳು ಮಾತ್ರ ನುಡಿಯುವ ಒಂದು ಬಿಡುವನ್ನು ಪಡೆದು, ಮತ್ತೆ ಏರುವ ಗೀತೆಯು ಕಥನದ ಅಂಗವಿನ್ಯಾಸವನ್ನು ತಾನೇ ಸಿದ್ಧಪಡಿಸಿಕೊಟ್ಟಿರುತ್ತದೆ. ಪೂರ್ಣಗೀತೆಯನ್ನೇ ಬಳಸಬೇಕೆಂಬ ನಿಯಮವೇನೂ ಇಲ್ಲ. ಎರಡನೆಯ ಚರಣವನ್ನು ಬಿಟ್ಟು ಒಂದೂವರೆ ನಿಮಿಷಕ್ಕೆ ಇಳಿಸಿಕೊಂಡರೆ ಕೃತಿಯು ಮುಗಿಯುವ ಸಂಭವ ಹೆಚ್ಚು. ಜನಪ್ರಿಯತೆಯೊಂದನ್ನೇ ನೋಡಿ ಆರಿಸುವುದೂ ಸಲ್ಲದು: 'ಡ್ರ್ಯಾಗನ್ ಬಾಲ್ ಜೀ' ಧಾರಾವಾಹಿಯ ಕಾದಾಟಗಳನ್ನು ಲಿಂಕಿನ್ ಪಾರ್ಕ್ ತಂಡದ ಗೀತೆಗಳಿಗೆ ಹೊಂದಿಸಿದ ಕೃತಿಗಳು 2000ದ ನಂತರ ಅಸಂಖ್ಯವಾಗಿ ಬಂದು, ಆ ಜೋಡಿಯೇ ಸವಕಲುತನಕ್ಕೆ ನಿದರ್ಶನವೆನಿಸಿತು. ಆ ಹಾದಿಯಲ್ಲಿ ಹೊರಟ ಎಳೆಯರನ್ನು ಹಳಿಯುವುದು ನ್ಯಾಯವಲ್ಲ, ಏಕೆಂದರೆ ಪ್ರೀತಿಸಿದ್ದನ್ನು ಪ್ರೀತಿಸಿದ್ದರೊಡನೆ ಸೇರಿಸುವುದು ಸಹಜಪ್ರವೃತ್ತಿ. ಆದರೆ ಪ್ರೀತಿಯ ಜೊತೆಗೆ ಔಚಿತ್ಯವೂ ಬೇಕು.

ಕೆಲಸಕ್ಕೆ ತೊಡಗುವ ಮುನ್ನ ಸಾಮಗ್ರಿಯ ಸಿದ್ಧತೆಯ ಬಗ್ಗೆ ಕೆಲವು ಮಾತುಗಳು. ಸಬ್‌ಟೈಟಲ್‌ಗಳಾಗಲಿ ಚಾನೆಲಿನ ಲಾಂಛನವಾಗಲಿ ಚಿತ್ರದಲ್ಲಿಯೇ ಅಚ್ಚಾಗಿರುವ ಪ್ರತಿಯನ್ನು ಬಳಸಬಾರದು. ಹಾಡಿನ ನಡುವೆ ತೆರೆಯ ಕೆಳಗೆ ಮೂಡುವ ಸಂಭಾಷಣೆಯ ಸಾಲು ನೋಡುವವರನ್ನು ಮೂಲಕಥೆಗೆ ಎಳೆದೊಯ್ಯುತ್ತದೆ. 'ಬೀಬಾಪ್' ಧಾರಾವಾಹಿಯು ಹಳೆಯ ಟೆಲಿವಿಷನ್ನಿನ 4:3 ಅಳತೆಯದು, 2001ರ ಅದರ ಚಲನಚಿತ್ರವು ಅಗಲಪರದೆಯದು. ಇವೆರಡನ್ನೂ ಬೆರೆಸುವವರು ಮೇಲುಕೆಳಗನ್ನು ತುಸು ಕತ್ತರಿಸಿ ಅಳತೆಯನ್ನು ಸರಿದೂಗಿಸಬೇಕಲ್ಲದೆ ಚಿತ್ರವನ್ನು ಅಡ್ಡಕ್ಕೆ ಎಳೆದು ಮುಖಗಳನ್ನು ಚಪ್ಪಟೆಯಾಗಿಸಬಾರದು. ಡಿವಿಡಿಗಳಲ್ಲಿ, ಸೆಕೆಂಡಿಗೆ 24 ಫ್ರೇಮುಗಳ ಚಿತ್ರವನ್ನು ಅಮೆರಿಕ, ಜಪಾನುಗಳ ಟೆಲಿವಿಷನ್ ಪದ್ಧತಿಗೆ ಒಗ್ಗಿಸಿರುವ ಕಡೆ, ಪ್ರತಿ ಐದು ಫ್ರೇಮುಗಳಲ್ಲಿ ಎರಡು ಬಾಚಣಿಗೆಯ ಹಲ್ಲುಗಳಂತೆ ಸೀಳಿಕೊಂಡು ಕಾಣುತ್ತವೆ. ಇವನ್ನು ಮೂಲಸ್ಥಿತಿಗೆ ತರುವ ಕ್ರಮ ಕೆಲವು ತಂತ್ರಾಂಶಗಳಲ್ಲಿ ಲಭ್ಯ. ಇಂದಿನ ವಿಡಿಯೊ ಫೈಲುಗಳಲ್ಲಿ ಬಹುಪಾಲು ಫ್ರೇಮುಗಳು ಪೂರ್ಣಚಿತ್ರಗಳಾಗಿರದೆ, ನೆರೆಯ ಫ್ರೇಮಿಗೂ ತಮಗೂ ಇರುವ ವ್ಯತ್ಯಾಸವನ್ನು ಮಾತ್ರ ಹೊತ್ತಿರುತ್ತವೆ. ಆದುದರಿಂದ ಕಂಪ್ಯೂಟರ್ ತಡವರಿಸುತ್ತಿದ್ದರೆ, ಪ್ರತಿ ಫ್ರೇಮೂ ಸ್ವತಂತ್ರವಾಗಿರುವ ರೂಪಕ್ಕೆ ಮೊದಲು ಪರಿವರ್ತಿಸಿಕೊಳ್ಳುವುದು ಲೇಸು. ತಂತ್ರಾಂಶ ಯಾವುದಾದರೂ ಆಗಬಹುದು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್ ಇವುಗಳಲ್ಲಿ ಯಾವುದೂ ಮೊದಲ ಕೃತಿಗೆ ಸಾಲದೆ ಹೋಗುವುದಿಲ್ಲ.

ಇನ್ನು ಲಯದ ವಿಚಾರ. ನಿಮಿಷಕ್ಕೆ 120 ಬೀಟುಗಳ ಗೀತೆಯಲ್ಲಿ ಬೀಟಿಗೆ ಅರ್ಧ ಸೆಕೆಂಡು. ಎಂದರೆ 24 ಫ್ರೇಮುಗಳ ಲೆಕ್ಕದಲ್ಲಿ 12 ಫ್ರೇಮುಗಳು. ಲೆಕ್ಕ ಸುಲಭವೆಂದು ಪ್ರತಿ 12 ಫ್ರೇಮಿಗೆ ಒಂದೊಂದು ಕಟ್ (ದೃಶ್ಯದ ಬದಲಾವಣೆ) ಹಾಕುತ್ತ ಹೋದ ಅಭ್ಯಾಸಿಗೆ, ಮೊದಲರ್ಧ ನಿಮಿಷ ಸರಿಯಾಗಿದ್ದ ಜೋಡಣೆ ಬರಬರುತ್ತ ಏಕೆ ಸಡಿಲವಾಯಿತೆಂಬುದು ಅರ್ಥವಾಗುವುದಿಲ್ಲ. ಕಾರಣ ಸೂಕ್ಷ್ಮವಾದದ್ದು. ಡಿವಿಡಿ, ಸ್ಟ್ರೀಮಿಂಗ್‌ಗಳಿಂದ ಬಂದ ಅನಿಮೆಯ ನಿಜವಾದ ವೇಗ ಸೆಕೆಂಡಿಗೆ 24 ಅಲ್ಲ, 23.976 ಫ್ರೇಮುಗಳು, ಬೀಟಿಗೆ ಬೀಳುವುದು 12ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯು ಕೂಡುತ್ತ ಹೋಗಿ 45 ಸೆಕೆಂಡುಗಳಲ್ಲಿ ಒಂದು ಫ್ರೇಮನ್ನು ಮೀರುತ್ತದೆ, ಮೂರು ನಿಮಿಷಗಳಲ್ಲಿ ನಾಲ್ಕನ್ನು ಮೀರುತ್ತದೆ, ಚಿತ್ರವು ಧ್ವನಿಗಿಂತ ಹಿಂದೆ ಬೀಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಮನುಷ್ಯರು ಅದನ್ನು ಗುರುತಿಸುತ್ತಾರೆ; ಹಿಂದಾದರೆ ಸುಮಾರು 125 ಮಿಲಿಸೆಕೆಂಡಿನವರೆಗೆ ಗುರುತಿಸುವುದಿಲ್ಲ. ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡು. ಆದುದರಿಂದ ಅನುಮಾನ ಬಂದಲ್ಲಿ ಕಟ್ಟನ್ನು ಬೀಟಿಗಿಂತ ಒಂದು ಫ್ರೇಮು ಮುಂಚೆ ಇಡುವುದು ಕ್ಷೇಮ, ಅನಂತರ ಇಡುವುದು ಅಪಾಯ. ಗಣಿತವನ್ನು ನಂಬುವುದಕ್ಕಿಂತ ಟೈಮ್‌ಲೈನಿನಲ್ಲಿ ಕಾಣುವ ಧ್ವನಿತರಂಗದ ಶಿಖರಗಳಿಗೆ ಗುರುತು ಹಾಕಿಕೊಂಡು, ಕಿವಿಯಿಂದಲೇ ತೀರ್ಮಾನಿಸುವುದು ಉತ್ತಮ.

ಪ್ರತಿ ಬೀಟಿಗೂ ಕಟ್ ಹಾಕುವ ಹಟ ಹೊಸಬರಲ್ಲಿ ಬಹುವಾಗಿ ಕಾಣುವ ದೋಷ. ಲಯಸಾಮ್ಯವು ಕಟ್ಟಿನಿಂದ ಮಾತ್ರ ಸಾಧಿಸತಕ್ಕದ್ದಲ್ಲ. ದೃಶ್ಯದ ಒಳಗೇ ಇರುವ ಚಲನೆ, ಬಾಗಿಲು ಮುಚ್ಚುವುದು, ಪಿಸ್ತೂಲಿನ ಕಿಡಿ, ತಲೆ ತಿರುಗುವುದು, ಕಣ್ಣೆವೆ ಮಿಟುಕುವುದು, ಬೀಟಿನ ಮೇಲೆ ಬಿದ್ದಾಗ ಆಗುವ ತೃಪ್ತಿ ಕಟ್ಟಿನಿಂದ ಆಗುವುದಕ್ಕಿಂತ ಗಾಢವಾದದ್ದು. ಇದಕ್ಕೆ ಅನಿಮೆಯ ನಿರ್ಮಾಣಕ್ರಮವೇ ಅನುಕೂಲವಾಗಿದೆ. ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' 1963ರಲ್ಲಿ ರೂಢಿಗೆ ತಂದ ಮಿತವ್ಯಯದ ಪದ್ಧತಿಯಲ್ಲಿ ಒಂದೊಂದು ಚಿತ್ರವನ್ನು ಮೂರು ಫ್ರೇಮುಗಳವರೆಗೆ ನಿಲ್ಲಿಸುವುದುಂಟು. ಎಂದರೆ ಸೆಕೆಂಡಿಗೆ ಎಂಟೇ ಚಿತ್ರಗಳು. ಆದಕಾರಣ ನಡುವಿನ ಒಂದೆರಡು ಫ್ರೇಮುಗಳನ್ನು ತೆಗೆದರೂ ಸೇರಿಸಿದರೂ ಚಲನೆಯಲ್ಲಿ ಒಡಕು ಕಾಣುವುದಿಲ್ಲ. ಪಾತ್ರಗಳು ಮಾತನಾಡುವಾಗ ಬಾಯಿಗೆ ಸಾಮಾನ್ಯವಾಗಿ ಮೂರೇ ಭಂಗಿಗಳು: ಮುಚ್ಚಿದ್ದು, ಅರೆತೆರೆದದ್ದು, ಪೂರ್ತಿ ತೆರೆದದ್ದು. ಜಪಾನಿನಲ್ಲಿ ಚಿತ್ರ ಸಿದ್ಧವಾದ ಮೇಲೆ ಧ್ವನಿ ಮುದ್ರಿಸುವುದು ವಾಡಿಕೆಯಾದ್ದರಿಂದ ಈ ತುಟಿಚಲನೆಗೂ ನಿರ್ದಿಷ್ಟ ಅಕ್ಷರಗಳಿಗೂ ಬಿಗಿಯಾದ ನಂಟಿಲ್ಲ. ಈ ಮೂರು ಭಂಗಿಗಳನ್ನು ಬೇಕಾದಂತೆ ಮುಂದುಹಿಂದು ಮಾಡಿ ಪಾತ್ರವೇ ಹಾಡುತ್ತಿರುವಂತೆ ತೋರಿಸಲು ಸಂಕಲನಕಾರನಿಗೆ ಸಾಧ್ಯವಾಗುತ್ತದೆ. ಸಂಭಾಷಣೆಯನ್ನು ಮೊದಲು ಮುದ್ರಿಸಿ ಅನಂತರ ಬಾಯನ್ನು ಬರೆದ 'ಅಕಿರಾ' (1988) ಚಿತ್ರವು ಇದಕ್ಕೆ ಪ್ರಸಿದ್ಧವಾದ ಅಪವಾದ.

ಆದರೆ ಲಯವೊಂದರಿಂದಲೇ ಕೃತಿಯು ಹೃದ್ಯವಾಗದು. ಹಾಲಿವುಡ್ಡಿನ ಪ್ರಖ್ಯಾತ ಸಂಕಲನಕಾರ ವಾಲ್ಟರ್ ಮರ್ಚ್ ಅವರು ಕಟ್ಟಿನ ಔಚಿತ್ಯಕ್ಕೆ ಆರು ಮಾನದಂಡಗಳನ್ನು ಹೇಳಿ ಅವುಗಳಿಗೆ ತೂಕವನ್ನೂ ಗೊತ್ತುಮಾಡಿರುವರು: ಭಾವಕ್ಕೆ ನೂರಕ್ಕೆ 51, ಕಥೆಗೆ 23, ಲಯಕ್ಕೆ 10, ಉಳಿದದ್ದು ನೋಟದ ದಿಕ್ಕು ಮತ್ತು ಸ್ಥಳಸಂಬಂಧಗಳಿಗೆ. ಸಂಗೀತವೇ ಆಧಾರವಾದ ಎಎಂವಿಯಲ್ಲಿ ಲಯದ ಪಾಲು ಇದಕ್ಕಿಂತ ಹಿರಿದಾಗಿರಲೇಬೇಕು; ಆದರೂ ಭಾವದ ಅಗ್ರಸ್ಥಾನವನ್ನು ಅದು ಕಸಿದುಕೊಳ್ಳಲಾರದು. ಗೀತೆಯಲ್ಲಿ ಮಳೆ ಎಂಬ ಮಾತು ಬಂದೊಡನೆ ಮಳೆಯ ದೃಶ್ಯ, ಬೆಂಕಿ ಎಂದೊಡನೆ ಬೆಂಕಿಯ ದೃಶ್ಯ ಹೀಗೆ ಶಬ್ದಕ್ಕೆ ಚಿತ್ರವನ್ನು ಅಂಟಿಸುತ್ತ ಹೋದರೆ ನೋಡುವವರು ಮುಂದಿನ ಚಿತ್ರವನ್ನು ಊಹಿಸತೊಡಗುತ್ತಾರೆ, ಕುತೂಹಲ ನಂದುತ್ತದೆ. ಕನ್ನಡ ಗೀತೆಯನ್ನು ಆರಿಸಿದವರಿಗೆ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ ನಮ್ಮ ಶ್ರೋತೃವಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿರುತ್ತದೆ. ಮಾತಿನ ವಾಚ್ಯಾರ್ಥವನ್ನು ಗೀತೆಗೇ ಬಿಟ್ಟು, ಅದರ ಧ್ವನ್ಯರ್ಥವನ್ನು ಚಿತ್ರದಿಂದ ಸೂಚಿಸುವುದು ಮೇಲಾದ ಮಾರ್ಗ.

'ಬೀಬಾಪ್'ನ ಐದನೆಯ ಕಂತನ್ನು ಈ ದೃಷ್ಟಿಯಿಂದ ನೋಡಬಹುದು. ಪಾಳುಬಿದ್ದ ಚರ್ಚಿನ ಕಾದಾಟದ ಕೊನೆಗೆ ಸ್ಪೈಕ್ ಬಣ್ಣದ ಗಾಜಿನ ಕಿಟಕಿಯನ್ನೊಡೆದು ಹೊರಗೆ ಬೀಳುತ್ತಾನೆ. ಪತನವು ನಿಧಾನಗತಿಗೆ ತಿರುಗಿ, ನಡುನಡುವೆ ಹಿಂದಿನ ನೆನಪುಗಳು ಮಿಂಚಿ ಮರೆಯಾಗುತ್ತವೆ. ಯೋಕೊ ಕನ್ನೊ ಅವರ ಸಂಗೀತದಲ್ಲಿ ಎಳೆಯ ಕೊರಳಿನ ಗಾನ ತೇಲಿಬರುತ್ತದೆ. ಇದು ಪರಮಸುಂದರವಾದ ದೃಶ್ಯವೆಂಬುದರಲ್ಲಿ ಸಂದೇಹವಿಲ್ಲ, ಅದಕ್ಕಾಗಿಯೇ ಹೊಸಬರ ಕೈ ಮೊದಲು ಅತ್ತ ಚಾಚುತ್ತದೆ. ಆದರೆ ಈ ದೃಶ್ಯವನ್ನು ನಿರ್ದೇಶಕನೇ ಸಂಗೀತಕ್ಕೆ ಹೊಂದಿಸಿ ಕಡೆದು ನಿಲ್ಲಿಸಿರುವುದರಿಂದ, ಅದನ್ನು ಇದ್ದಂತೆಯೇ ಎತ್ತಿಕೊಂಡವರಿಗೆ ದೊರಕುವುದು ಎರವಲು ಭಾವ ಮಾತ್ರ. ಮೂಲವನ್ನು ಬಲ್ಲವರ ಕಿವಿಯಲ್ಲಿ ಹಳೆಯ ಗಾನವೇ ಮೊಳಗುತ್ತದೆ. ಅದೇ ಧಾರಾವಾಹಿಯ ಮೊದಲ ಕಂತಿನ ಆರಂಭದಲ್ಲಿ, ಮಳೆಯಲ್ಲಿ ನೆಲದ ನೀರಿಗೆ ಬಿದ್ದ ಒಂದು ಗುಲಾಬಿಯುಂಟು. ಕೆಲವೇ ಕ್ಷಣಗಳ ಆ ಚಿತ್ರವನ್ನು ಗೀತೆಯ ಪ್ರಾರಂಭದಲ್ಲಿ ಒಮ್ಮೆ ತೋರಿಸಿ, ಕೊನೆಯ ಪಲ್ಲವಿಯಲ್ಲಿ ನಾಯಕನ ಮುಖದ ಅನಂತರ ಮತ್ತೊಮ್ಮೆ ತಂದರೆ, ಎರಡನೆಯ ಬಾರಿಗೆ ಅದು ಹೂವಾಗಿ ಉಳಿಯದೆ ವಿಯೋಗದ ಸಂಕೇತವಾಗುತ್ತದೆ. ಇಂಥ ಸಾಧಾರಣ ತುಣುಕುಗಳಲ್ಲಿ ಅರ್ಥವನ್ನು ತುಂಬುವ ಶಕ್ತಿಯೇ ಸಂಕಲನಕಾರನ ಪ್ರತಿಭೆ.

ಟ್ರಾನ್ಸಿಷನ್ನುಗಳು, ಕಂಪನ, ಬೆಳಕಿನ ಹೊಳಹುಗಳು ಮುಂತಾದ ಎಫೆಕ್ಟುಗಳನ್ನು ಮೊದಲ ಕೃತಿಯಲ್ಲಿ ಬಹುಮಟ್ಟಿಗೆ ವರ್ಜಿಸುವುದೇ ಯುಕ್ತ. ನೇರವಾದ ಕಟ್ಟು, ಅಪರೂಪಕ್ಕೊಂದು ಕರಗುವಿಕೆ, ಇಷ್ಟು ಸಾಕು. ಕಟ್ಟಿನ ಅಂಚುಗಳಲ್ಲಿ ಹಿಂದಿನ ದೃಶ್ಯದ ಒಂದೇ ಒಂದು ಫ್ರೇಮು ಉಳಿದುಕೊಂಡು ಕಣ್ಣಿಗೆ ಚುಚ್ಚುವುದು ಹೊಸಬರ ಕೃತಿಗಳಲ್ಲಿ ಸಾಮಾನ್ಯ. ಪ್ರತಿ ಸಂಧಿಯನ್ನೂ ಫ್ರೇಮು ಫ್ರೇಮಾಗಿ ನಡೆಸಿ ಪರೀಕ್ಷಿಸುವ ಒಂದು ಸಂಜೆಯ ತಾಳ್ಮೆಯು ಕೃತಿಯನ್ನು ಯಾವ ಎಫೆಕ್ಟಿಗಿಂತಲೂ ಹೆಚ್ಚು ಎತ್ತರಿಸುತ್ತದೆ.

ನ್ಯಾಯದ ದೃಷ್ಟಿಯಿಂದ ಈ ಕಲೆಯ ಸ್ಥಾನ ಇಂದಿಗೂ ಇತ್ಯರ್ಥವಾಗಿಲ್ಲ. ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆಯ 107ನೆಯ ಪ್ರಕರಣವು ನ್ಯಾಯೋಚಿತ ಬಳಕೆಗೆ ಅವಕಾಶ ನೀಡುತ್ತದಾದರೂ ಪ್ರತಿಯೊಂದು ಕೃತಿಯನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕಾಗುತ್ತದೆ. 2010ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್, ವಾಣಿಜ್ಯೇತರ ವಿಡಿಯೊಗಳಿಗಾಗಿ ಡಿವಿಡಿಯಿಂದ ಕಿರುಭಾಗಗಳನ್ನು ತೆಗೆದುಕೊಳ್ಳಲು ವಿನಾಯಿತಿಯನ್ನು ನೀಡಿತು. ಭಾರತದ 1957ರ ಕಾಯಿದೆಯ 52ನೆಯ ಪ್ರಕರಣದಲ್ಲಿ ಖಾಸಗಿ ಬಳಕೆ, ವಿಮರ್ಶೆ, ವರದಿ ಮುಂತಾದ ಗೊತ್ತಾದ ಉದ್ದೇಶಗಳಿಗೆ ಮಾತ್ರ ಸಡಿಲಿಕೆಯಿರುವುದರಿಂದ ಇಲ್ಲಿನ ಅಭ್ಯಾಸಿಯ ನೆಲೆ ಇನ್ನೂ ಕಿರಿದು. ಆಕ್ಷೇಪಣೆಯು ಸಂಗೀತದ ಕಡೆಯಿಂದಲೂ ಬರಬಹುದೆಂಬುದಕ್ಕೆ, 2005ರಲ್ಲಿ ವಿಂಡ್-ಅಪ್ ರೆಕಾರ್ಡ್ಸ್ ಎಂಬ ಕಂಪನಿಯು ಇವಾನೆಸೆನ್ಸ್ ಮೊದಲಾದ ತನ್ನ ತಂಡಗಳ ಗೀತೆಗಳಿದ್ದ ಎಎಂವಿಗಳನ್ನು ಮೇಲೆ ಹೇಳಿದ ಸಂಗ್ರಹಾಲಯದಿಂದ ತೆಗೆಸಿಹಾಕಿದ್ದೇ ಸಾಕ್ಷಿ. 2007ರಿಂದ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯು ಈ ಪರಿಶೀಲನೆಯನ್ನು ಯಾಂತ್ರಿಕವಾಗಿಯೇ ನಡೆಸುತ್ತಿದ್ದು, ಹಕ್ಕುದಾರರ ಇಚ್ಛೆಯಂತೆ ವಿಡಿಯೊ ಅಡಗಬಹುದು ಅಥವಾ ಅದರ ಜಾಹೀರಾತಿನ ಆದಾಯವು ಅವರಿಗೆ ಸಲ್ಲಬಹುದು. ಹಣ ಗಳಿಸುವ ಯಾವ ಏರ್ಪಾಡನ್ನೂ ಮಾಡಿಕೊಳ್ಳದಿರುವುದು ಈ ವಲಯದ ಹಳೆಯ ಮರ್ಯಾದೆ. ಅದನ್ನು ಪಾಲಿಸುವುದು ಕಾಯಿದೆಯ ದೃಷ್ಟಿಯಿಂದಲೂ ಸೌಜನ್ಯದ ದೃಷ್ಟಿಯಿಂದಲೂ ಉಚಿತ.

ಕೃತಿಯು ಮುಗಿದ ಮೇಲೆ ಅತ್ಯುತ್ತಮ ಗುಣಮಟ್ಟದ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ಕಾದಿರಿಸಿಕೊಳ್ಳಬೇಕು, ಏಕೆಂದರೆ ಯೂಟ್ಯೂಬಿಗೆ ಏರಿಸಿದ ಪ್ರತಿಯು ಅಲ್ಲಿ ಮತ್ತೊಮ್ಮೆ ಕುಗ್ಗಿಸಲ್ಪಡುತ್ತದೆ. ಕೊನೆಗೊಂದು ವಿಜ್ಞಾಪನೆ. ನೀವು ಆಯ್ದ ಪ್ರತಿ ತುಣುಕಿನ ಹಿಂದೆ ಸಾಲುಸಾಲಾಗಿ ಚಿತ್ರಗಳನ್ನು ಬರೆದ ಚಿತ್ರಕಾರರಿದ್ದಾರೆ, ಅವರ ಹೆಸರುಗಳು ಆಯಾ ಕಂತಿನ ಕೊನೆಯ ಪಟ್ಟಿಯಲ್ಲಿ ದೊರೆಯುತ್ತವೆ. ವಿಡಿಯೊದ ಅಂತ್ಯದಲ್ಲಿ ಅನಿಮೆಯ ಹೆಸರನ್ನೂ ಗಾಯಕರ ಹೆಸರನ್ನೂ ಮಾತ್ರ ಬರೆದು ನಿಲ್ಲಿಸದೆ, ಆ ಪಟ್ಟಿಯನ್ನು ಒಮ್ಮೆ ಓದಿ, ನಿರ್ದೇಶಕರ, ನಿರ್ಮಾಣಸಂಸ್ಥೆಯ ಮತ್ತು ಸಾಧ್ಯವಾದಷ್ಟು ಚಿತ್ರಕಾರರ ಹೆಸರುಗಳನ್ನೂ ನಿಮ್ಮ ಹೆಸರಿಗಿಂತ ಮೊದಲು ಬರೆಯಿರಿ.